ಯುಂಗ್‌ಬರ್ಗ್ ದೊಡ್ಡ ಆಟಗಾರರಾದದ್ದು ಹೇಗೆ?

ಪ್ರಶ್ನೆ: 2014ರ ಮೊದಲ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮುಂಬೈ ಸಿಟಿ ತಂಡದ ಪರ ಸ್ವೀಡನ್‌ನ ಫ್ರೆಡ್ಡಿ ಯುಂಗ್‌ಬರ್ಗ್ ಆಡಿದ್ದನ್ನು ನೋಡಿದ್ದೆ. ನಾಲ್ಕು ಪಂದ್ಯ ಆಡಿ, ಒಂದೂ ಗೋಲು ಹೊಡೆಯದೆ ಹೋದರು. ಆದರೂ ಲಂಡನ್‌ನ ಆರ್ಸೆನಲ್ ಕ್ಲಬ್‌ನ ಅಭಿಮಾನಿಗಳು ಅವರ ಹೆಸರನ್ನು ಆನ್ರಿ, ಬರ್ಗ್‌ಕ್ಯಾಂಪ್ ಅವರ ಹೆಸರುಗಳ ಜೊತೆಗೇ ಹೇಳುತ್ತಾರೆ. ಮಿಡ್‌ಫೀಲ್ಡರ್ ಆಗಿ ಅವರ ವಿಶೇಷವೇನು? ಮೂವತ್ತರ ಆಸುಪಾಸಿನಲ್ಲೇ ಅವರ ಆಟ ಇಳಿದದ್ದೇಕೆ? ಅವರ ಹಳೆಯ ಪಂದ್ಯಗಳಲ್ಲಿ ಯಾವುದನ್ನು ನೋಡಬೇಕು?

ಉತ್ತರ: ನೀವು ಮುಂಬೈಯಲ್ಲಿ ನೋಡಿದ್ದು ಮೂವತ್ತೇಳು ವರ್ಷದ, ಎರಡು ವರ್ಷಗಳ ಹಿಂದೆಯೇ ನಿವೃತ್ತಿ ಘೋಷಿಸಿ ಮತ್ತೆ ಬೂಟು ಕಟ್ಟಿಕೊಂಡಿದ್ದ ಆಟಗಾರನನ್ನು. ಅದರಿಂದ ಅವರನ್ನು ಅಳೆಯುವುದು ನ್ಯಾಯವಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ನಿಜವಾದ ತೊಡಕಿದೆ, ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಯುಂಗ್‌ಬರ್ಗ್ ಅವರ ಕಾಲಿನಲ್ಲಿ ಬರ್ಗ್‌ಕ್ಯಾಂಪ್ ಅವರ ಮಾಂತ್ರಿಕತೆ ಇರಲಿಲ್ಲ, ಆನ್ರಿಯವರ ವೇಗವಿರಲಿಲ್ಲ, ದೂರದಿಂದ ಗುಡುಗುವ ಹೊಡೆತವಿರಲಿಲ್ಲ, ಇಡೀ ಮೈದಾನವನ್ನು ಆಳುವ ಪಾಸುಗಳೂ ಇರಲಿಲ್ಲ. ಅವರ ಆಟದ ಅತ್ಯುತ್ತಮ ಭಾಗ ನಡೆಯುತ್ತಿದ್ದುದು ಚೆಂಡು ಬೇರೊಬ್ಬರ ಕಾಲಿನಲ್ಲಿದ್ದಾಗ. ಟಿ.ವಿ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಆ ಭಾಗ ನೋಡುಗರ ಕಣ್ಣಿಗೆ ಬೀಳುವುದೇ ಅಪರೂಪ.

ಫ್ರೆಡ್ರಿಕ್ ಯುಂಗ್‌ಬರ್ಗ್ ಹುಟ್ಟಿದ್ದು 1977ರ ಏಪ್ರಿಲ್ 16ರಂದು, ದಕ್ಷಿಣ ಸ್ವೀಡನ್‌ನ ವಿಟ್‌ಶೋ ಎಂಬ ಸಣ್ಣ ಊರಿನಲ್ಲಿ. ಅವರು ಐದು ವರ್ಷದವರಿದ್ದಾಗ ಕುಟುಂಬ ಪಶ್ಚಿಮ ಕರಾವಳಿಯ ಹಾಲ್ಮ್‌ಸ್ಟಾಡ್ ಪಟ್ಟಣಕ್ಕೆ ಬಂದು ನೆಲೆಸಿತು. ಹುಡುಗ ಅಲ್ಲಿನ ಹಾಲ್ಮ್‌ಸ್ಟಾಡ್ಸ್ ಬಿ.ಕೆ. ಕ್ಲಬ್ ಸೇರಿದ. ಫುಟ್‌ಬಾಲ್ ಜೊತೆಗೆ ಐಸ್ ಹಾಕಿ, ಹ್ಯಾಂಡ್‌ಬಾಲ್‌ಗಳಲ್ಲೂ ಆತ ಚುರುಕಾಗಿದ್ದ. ಹ್ಯಾಂಡ್‌ಬಾಲ್ ಆಡಿದವರಿಗೆ ಎದುರಾಳಿಗಳ ಗೋಡೆಯಲ್ಲಿ ಕ್ಷಣಮಾತ್ರ ತೆರೆಯುವ ಸಂದಿಯನ್ನು ಹುಡುಕಿ ನುಗ್ಗುವ ಅಭ್ಯಾಸ ಸಹಜವಾಗಿ ಬರುತ್ತದೆ. ಯುಂಗ್‌ಬರ್ಗ್ ಅವರ ಓಟದಲ್ಲಿ ಆ ಅಭ್ಯಾಸದ ಗುರುತು ಇದೆಯೆಂದು ನನಗೆ ಯಾವಾಗಲೂ ಅನ್ನಿಸಿದೆ.

ಹಾಲ್ಮ್‌ಸ್ಟಾಡ್ ಸ್ವೀಡಿಷ್ ಫುಟ್‌ಬಾಲ್‌ನಲ್ಲಿ ಸಾಮಾನ್ಯ ಊರಲ್ಲ. 1970ರ ದಶಕದಲ್ಲಿ ಇಬ್ಬರು ಆಂಗ್ಲ ತರಬೇತುದಾರರು, ಹಾಲ್ಮ್‌ಸ್ಟಾಡ್‌ನಲ್ಲಿ ರಾಯ್ ಹಾಡ್ಜ್‌ಸನ್ ಮತ್ತು ಮಾಲ್ಮೋದಲ್ಲಿ ಬಾಬ್ ಹೌಟನ್, ಆ ದೇಶದ ಆಟದ ರೀತಿಯನ್ನೇ ಬದಲಿಸಿದರು. ಅದಕ್ಕೆ ಮೊದಲು ಪ್ರತಿಯೊಬ್ಬ ಡಿಫೆಂಡರ್ ತನ್ನ ಪಾಲಿನ ಎದುರಾಳಿಯ ಬೆನ್ನು ಹತ್ತುತ್ತಿದ್ದ. ಇವರು ಬಂದ ಮೇಲೆ ಇಡೀ ತಂಡ ನಾಲ್ಕು, ನಾಲ್ಕು, ಎರಡರ ಸಾಲುಗಳಲ್ಲಿ ನಿಂತು ಜಾಗವನ್ನು ಕಾಯುವುದನ್ನು ಕಲಿಯಿತು. 2006ರಿಂದ 2011ರವರೆಗೆ ಭಾರತ ತಂಡವನ್ನು ತರಬೇತುಗೊಳಿಸಿದ, 2011ರ ಏಷ್ಯಾ ಕಪ್‌ಗೆ ನಮ್ಮನ್ನು ಕರೆದೊಯ್ದ ಹೌಟನ್ ಅವರೇ ಇವರು. ಈ ಪಾಠಶಾಲೆಯಲ್ಲಿ ಬೆಳೆದ ಹುಡುಗನಿಗೆ ಸಾಲು ಎಲ್ಲಿ ಬಿಗಿಯಾಗಿರುತ್ತದೆ, ಎಲ್ಲಿ ಸಡಿಲವಾಗುತ್ತದೆ ಎಂಬುದು ಚಿಕ್ಕಂದಿನಿಂದಲೇ ಗೊತ್ತಿರುತ್ತದೆ.

1994ರಲ್ಲಿ ಅವರು ಹಾಲ್ಮ್‌ಸ್ಟಾಡ್‌ನ ಹಿರಿಯರ ತಂಡಕ್ಕೆ ಬಂದರು. 1995ರಲ್ಲಿ ತಂಡ ಸ್ವೀಡಿಷ್ ಕಪ್ ಗೆದ್ದಿತು, 1997ರಲ್ಲಿ ಅಲ್ಲಿನ ಅಗ್ರ ಲೀಗ್ ಆದ ಆಲ್‌ಸ್ವೆನ್ಸ್ಕನ್ ಗೆದ್ದಿತು. 1998ರ ಜನವರಿಯಲ್ಲಿ ಅಮೆರಿಕದ ವಿರುದ್ಧ ಅವರು ರಾಷ್ಟ್ರೀಯ ತಂಡದ ಪರ ಮೊದಲ ಬಾರಿ ಆಡಿದರು. ಬದುಕು ತಿರುಗಿದ್ದು ಅದೇ ವರ್ಷದ ಸೆಪ್ಟೆಂಬರ್ 5ರಂದು. ಸ್ಟಾಕ್‌ಹೋಮ್ ಬಳಿಯ ರೊಸುಂಡಾ ಕ್ರೀಡಾಂಗಣದಲ್ಲಿ ಯೂರೊ, ಅಂದರೆ ಯುರೋಪಿನ ರಾಷ್ಟ್ರಗಳ ಟೂರ್ನಿಯ, ಅರ್ಹತಾ ಪಂದ್ಯದಲ್ಲಿ ಸ್ವೀಡನ್ ಇಂಗ್ಲೆಂಡನ್ನು 2-1ರಿಂದ ಸೋಲಿಸಿತು, ಯುಂಗ್‌ಬರ್ಗ್ ಇಂಗ್ಲೆಂಡ್‌ನ ಡಿಫೆನ್ಸ್‌ಗೆ ಆ ಸಂಜೆ ಉಸಿರಾಡಲು ಬಿಡಲಿಲ್ಲ. ಆರ್ಸೆನಲ್ ವ್ಯವಸ್ಥಾಪಕ ಆರ್ಸೆನ್ ವೆಂಗರ್ ಆ ಪಂದ್ಯವನ್ನು ನೋಡಿದ ಮೇಲೆ ತಡಮಾಡಲಿಲ್ಲ. ಕೆಲವೇ ದಿನಗಳಲ್ಲಿ, ಸುಮಾರು 30 ಲಕ್ಷ ಪೌಂಡ್‌ಗೆ, ಇಪ್ಪತ್ತೊಂದರ ಹರೆಯದ ಯುಂಗ್‌ಬರ್ಗ್ ಲಂಡನ್‌ನಲ್ಲಿದ್ದರು. ಸೆಪ್ಟೆಂಬರ್ 20ರಂದು ಆರ್ಸೆನಲ್‌ನ ಆಗಿನ ಅಂಗಳವಾದ ಹೈಬರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು, ಗೋಲ್‌ಕೀಪರ್ ಪೀಟರ್ ಷ್ಮೈಕೆಲ್ ಅವರ ಮೇಲಿಂದ ಚೆಂಡನ್ನು ಎತ್ತಿ ಬಲೆಗೆ ಹಾಕಿದರು. ಆರ್ಸೆನಲ್ 3-0ರಿಂದ ಗೆದ್ದಿತು.

ಈಗ ನಿಮ್ಮ ಮೊದಲ ಪ್ರಶ್ನೆಯ ತಿರುಳಿಗೆ ಬರುತ್ತೇನೆ. ವೆಂಗರ್ ಅವರ ಆರ್ಸೆನಲ್ ಕಾಗದದ ಮೇಲೆ 4-4-2 ತಂಡವಾಗಿತ್ತು. ಎಡಬದಿಯಲ್ಲಿ ರಾಬರ್ಟ್ ಪಿರೆಸ್, ಬಲಬದಿಯಲ್ಲಿ ಯುಂಗ್‌ಬರ್ಗ್, ನಡುವೆ ಪ್ಯಾಟ್ರಿಕ್ ವಿಯೆರಾ ಮತ್ತು ಇನ್ನೊಬ್ಬರು, ಮುಂದೆ ಥಿಯೆರಿ ಆನ್ರಿ ಮತ್ತು ಡೆನ್ನಿಸ್ ಬರ್ಗ್‌ಕ್ಯಾಂಪ್. ಆಟ ಶುರುವಾದ ಮೇಲೆ ಈ ಚಿತ್ರ ಉಳಿಯುತ್ತಿರಲಿಲ್ಲ. ಆನ್ರಿ ಎಡಬದಿಯ ಗೆರೆಯ ಕಡೆಗೆ ಸರಿಯುತ್ತಿದ್ದರು, ಅವರ ಜೊತೆ ಎದುರಾಳಿಯ ಒಬ್ಬ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಸರಿಯಲೇಬೇಕಿತ್ತು. ಬರ್ಗ್‌ಕ್ಯಾಂಪ್ ಹಿಂದಕ್ಕೆ ಇಳಿದು ಮಧ್ಯಮೈದಾನದಲ್ಲಿ ಚೆಂಡು ಪಡೆಯುತ್ತಿದ್ದರು, ಇನ್ನೊಬ್ಬ ಸೆಂಟರ್ ಬ್ಯಾಕ್‌ಗೆ ಅವರ ಹಿಂದೆ ಹೋಗಬೇಕೇ ಬೇಡವೇ ಎಂಬ ಗೊಂದಲ. ಹೀಗೆ ಗೋಲಿನ ಎದುರಿಗೇ, ಸ್ಟ್ರೈಕರ್ ನಿಲ್ಲಬೇಕಾದ ಜಾಗದಲ್ಲಿ, ಯಾರೂ ಇಲ್ಲದ ಒಂದು ಖಾಲಿ ಜಾಗ ಹುಟ್ಟುತ್ತಿತ್ತು. ಬಲಬದಿಯಿಂದ ಕರ್ಣರೇಖೆಯಲ್ಲಿ ಓಡಿಬಂದು ಆ ಜಾಗವನ್ನು ತುಂಬುವುದು ಯುಂಗ್‌ಬರ್ಗ್ ಅವರ ಕೆಲಸ. ಅವರು ಬಿಟ್ಟುಬಂದ ಬಲಬದಿಯನ್ನು ಹಿಂದಿನಿಂದ ಬಂದು ತುಂಬಲು ಬಲಬದಿಯ ಡಿಫೆಂಡರ್ ಲಾರೆನ್ ಇದ್ದರು.

ಕೇಳಲು ಸುಲಭವೆನಿಸುತ್ತದೆ. ಕಷ್ಟವಿರುವುದು ಕಾಲಜ್ಞಾನದಲ್ಲಿ. ಖೋ ಖೋ ಆಟದಲ್ಲಿ ಕುಳಿತವನು ಬೆನ್ನಿಗೆ ಖೋ ಬೀಳುವ ಮೊದಲೇ ಎದ್ದರೆ ಫೌಲ್, ಬಿದ್ದ ಮೇಲೆ ಅರೆಕ್ಷಣ ತಡಮಾಡಿದರೆ ಎದುರಾಳಿ ಕಂಬ ದಾಟಿರುತ್ತಾನೆ. ಯುಂಗ್‌ಬರ್ಗ್ ಅವರದೂ ಅಂಥದೇ ಇಕ್ಕಟ್ಟು. ಪಾಸ್ ಹೊರಡುವ ಮೊದಲೇ ಡಿಫೆಂಡರ್‌ಗಳ ಸಾಲನ್ನು ದಾಟಿದರೆ ಆಫ್‌ಸೈಡ್, ಪಾಸ್ ಹೊರಟ ಮೇಲೆ ಓಟ ಶುರುಮಾಡಿದರೆ ಚೆಂಡು ಗೋಲ್‌ಕೀಪರ್ ಕೈಯಲ್ಲಿ. ಅವರು ಎದುರಾಳಿ ಲೆಫ್ಟ್ ಬ್ಯಾಕ್‌ನ (ಎಡಬದಿಯ ಡಿಫೆಂಡರ್‌ನ) ಬೆನ್ನ ಹಿಂದೆ, ಅವನ ಕಣ್ಣಳತೆಗೆ ಸಿಗದ ಕಡೆ ನಿಂತಿರುತ್ತಿದ್ದರು. ಆತ ಚೆಂಡನ್ನು ನೋಡಲೆಂದು ತಲೆ ತಿರುಗಿಸಿದ ಕ್ಷಣದಲ್ಲೇ ಇವರು ಹೊರಟಿರುತ್ತಿದ್ದರು. ತಲೆ ಮರಳಿ ತಿರುಗುವಷ್ಟರಲ್ಲಿ ಎರಡು ಗಜ ಮುಂದೆ. ಈ ಓಟಗಳಲ್ಲಿ ಹೆಚ್ಚಿನವಕ್ಕೆ ಚೆಂಡು ಬರುವುದೇ ಇಲ್ಲ, ಹತ್ತು ಸಲ ಓಡಿದರೆ ಒಂದು ಸಲ ಬಂದೀತು. ಆದರೂ ಹನ್ನೊಂದನೆಯ ಸಲ ಅದೇ ವೇಗದಲ್ಲಿ ಓಡುವ ಮನಸ್ಸು ಬೇಕು. ಆ ಮನಸ್ಸು ಅವರಲ್ಲಿತ್ತು, ಇದೇ ಅವರ ದೊಡ್ಡತನವೆಂದು ನಾನು ನಂಬುತ್ತೇನೆ.

ಒಂದು ಗೋಲನ್ನು ಹತ್ತಿರದಿಂದ ನೋಡೋಣ. 2001ರ ಡಿಸೆಂಬರ್ 4, ಹೈಬರಿ, ಚಾಂಪಿಯನ್ಸ್ ಲೀಗ್‌ನಲ್ಲಿ ಯುವೆಂಟಸ್ ಎದುರಾಳಿ. ಯುಂಗ್‌ಬರ್ಗ್ ಆಗಲೇ ಒಂದು ಗೋಲು ಹೊಡೆದಿದ್ದಾರೆ: ವಿಯೆರಾ ಅವರ ಹೊಡೆತವನ್ನು ಗೋಲ್‌ಕೀಪರ್ ಬಫೊನ್ ಪೂರ್ತಿ ಹಿಡಿಯಲಾಗದೆ ಚೆಂಡು ಚಿಮ್ಮಿದಾಗ ಮೊದಲು ತಲುಪಿದವರು ಇವರು. ಪಂದ್ಯ ಮುಗಿಯಲು ಎರಡು ನಿಮಿಷವಿರುವಾಗ ಪೆನಾಲ್ಟಿ ಚೌಕದ ಅಂಚಿನಲ್ಲಿ ಬರ್ಗ್‌ಕ್ಯಾಂಪ್ ಚೆಂಡನ್ನು ಹಿಡಿದು ನಿಲ್ಲುತ್ತಾರೆ. ಸುತ್ತ ಡಿಫೆಂಡರ್‌ಗಳು. ಅವರು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗುತ್ತಾರೆ, ಚೆಂಡನ್ನು ಕಾಲಡಿಯಲ್ಲೇ ಉಳಿಸಿಕೊಂಡು ಕಾಯುತ್ತಾರೆ. ಎಲ್ಲರ ಕಣ್ಣೂ ಅವರ ಕಾಲಿನ ಮೇಲೆ. ಅವರು ಕಾಯುತ್ತಿದ್ದುದು ಯುಂಗ್‌ಬರ್ಗ್ ಅವರ ಓಟಕ್ಕಾಗಿ. ಆ ಓಟ ಸಾಲನ್ನು ಸೀಳುವ ಹೊತ್ತಿಗೆ ಸರಿಯಾಗಿ ಕಾಲಿನ ಹೊರಬದಿಯಿಂದ ಚೆಂಡನ್ನು ಜಾರಿಸುತ್ತಾರೆ. ಯುಂಗ್‌ಬರ್ಗ್ ಅದನ್ನು ಮುನ್ನುಗ್ಗಿಬಂದ ಬಫೊನ್ ಮೇಲಿಂದ ಮೃದುವಾಗಿ ಎತ್ತಿಬಿಡುತ್ತಾರೆ. ಆರ್ಸೆನಲ್ 3-1. ಈ ಗೋಲಿನ ಹೊಗಳಿಕೆಯೆಲ್ಲ ಬರ್ಗ್‌ಕ್ಯಾಂಪ್ ಅವರಿಗೆ ಸಲ್ಲುತ್ತದೆ, ಸಲ್ಲಲಿ. ಆದರೆ ಆ ಓಟವಿಲ್ಲದಿದ್ದರೆ ಬರ್ಗ್‌ಕ್ಯಾಂಪ್ ಚೆಂಡನ್ನು ಎಷ್ಟು ಹೊತ್ತು ಕಾಯ್ದುಕೊಂಡಿದ್ದರೂ ಕೊಡಲು ಯಾರೂ ಇರುತ್ತಿರಲಿಲ್ಲ.

2001-02 ಅವರ ಬಾಳಿನ ಅತ್ಯುತ್ತಮ ಋತು. 2002ರ ಮಾರ್ಚ್‌ನಲ್ಲಿ ಪಿರೆಸ್ ಮಂಡಿಗೆ ತೀವ್ರ ಪೆಟ್ಟಾಗಿ ಋತುವಿನಿಂದಲೇ ಹೊರಬಿದ್ದರು. ಅಲ್ಲಿಯವರೆಗೆ ಲೀಗ್‌ನಲ್ಲೇ ಶ್ರೇಷ್ಠ ಎನ್ನುವಂತೆ ಆಡುತ್ತಿದ್ದವರು ಅವರು, ಆರ್ಸೆನಲ್ ಕುಸಿಯುತ್ತದೆಂದು ಹಲವರು ಎಣಿಸಿದ್ದರು. ಆಗ ಕೂದಲಿಗೆ ಕೆಂಪು ಬಣ್ಣ ಹಚ್ಚಿಕೊಂಡಿದ್ದ ಯುಂಗ್‌ಬರ್ಗ್ ಒಂದಾದ ಮೇಲೊಂದು ಗೋಲು ಹೊಡೆಯುತ್ತ ಹೋದರು. ಏಪ್ರಿಲ್‌ನಲ್ಲಿ ಟಾಟನಮ್, ಇಪ್ಸ್‌ವಿಚ್, ವೆಸ್ಟ್ ಹ್ಯಾಮ್, ಬೋಲ್ಟನ್ ತಂಡಗಳ ವಿರುದ್ಧ ಅವರ ಗೋಲುಗಳಿದ್ದವು, ಇಪ್ಸ್‌ವಿಚ್ ವಿರುದ್ಧದ 2-0 ಗೆಲುವಿನಲ್ಲಿ ಎರಡೂ ಅವರವೇ. ಮೇ 4ರಂದು ಕಾರ್ಡಿಫ್‌ನಲ್ಲಿ ಚೆಲ್ಸಿ ವಿರುದ್ಧ ಇಂಗ್ಲೆಂಡ್‌ನ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್‌ನ ಫೈನಲ್. ರೇ ಪಾರ್ಲರ್ ಮೊದಲ ಗೋಲು ಹೊಡೆದಿದ್ದರು. ಎಂಬತ್ತನೇ ನಿಮಿಷದಲ್ಲಿ ಮಧ್ಯಗೆರೆಯ ಆಸುಪಾಸಿನಲ್ಲಿ ಚೆಂಡು ಸಿಕ್ಕಿದ ಯುಂಗ್‌ಬರ್ಗ್ ಒಬ್ಬರೇ ಓಡತೊಡಗಿದರು, ಅಡ್ಡಬಂದ ಜಾನ್ ಟೆರಿ ಅವರೊಡನೆ ಗುದ್ದಾಡಿ ಮುಂದೆ ಸಾಗಿದರು, ಟೆರಿ ನೆಲಕ್ಕೆ ಬಿದ್ದರು, ಪೆನಾಲ್ಟಿ ಚೌಕದ ಅಂಚಿನಿಂದ ಬಲಗಾಲಿನಲ್ಲಿ ಚೆಂಡನ್ನು ಬಾಗಿಸಿ ದೂರದ ಮೂಲೆಗೆ ಕಳಿಸಿದರು. ಚೆಂಡಿಲ್ಲದ ಓಟಕ್ಕೆ ಹೆಸರಾದವರು ಚೆಂಡಿನ ಜೊತೆಗೂ ಓಡಬಲ್ಲರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಿಂದಿನ ವರ್ಷದ ಫೈನಲ್‌ನಲ್ಲಿ, ಅದೇ ಕಾರ್ಡಿಫ್‌ನಲ್ಲಿ, ಲಿವರ್‌ಪೂಲ್ ವಿರುದ್ಧವೂ ಅವರು ಗೋಲು ಹೊಡೆದಿದ್ದರು. ಆದರೆ ಕೊನೆಯ ಹತ್ತು ನಿಮಿಷಗಳಲ್ಲಿ ಮೈಕೆಲ್ ಓವನ್ ಎರಡು ಗೋಲು ಹೊಡೆದು ಕಪ್ ಕಸಿದುಕೊಂಡರು. ಸತತ ಎರಡು ಎಫ್.ಎ. ಕಪ್ ಫೈನಲ್‌ಗಳಲ್ಲಿ ಗೋಲು ಹೊಡೆದದ್ದು 1961 ಮತ್ತು 1962ರಲ್ಲಿ ಟಾಟನಮ್‌ನ ಬಾಬಿ ಸ್ಮಿತ್ ಅವರ ನಂತರ ಇವರೇ. ಕಪ್ ಗೆದ್ದ ನಾಲ್ಕು ದಿನಕ್ಕೆ ಓಲ್ಡ್ ಟ್ರಾಫರ್ಡ್‌ನಲ್ಲಿ ಯುಂಗ್‌ಬರ್ಗ್ ಅವರ ಹೊಡೆತವನ್ನು ಗೋಲ್‌ಕೀಪರ್ ಬಾರ್ತೆಜ್ ತಡೆದಾಗ ಚಿಮ್ಮಿದ ಚೆಂಡನ್ನು ಸಿಲ್ವಾಂ ವಿಲ್ಟೋರ್ ಗೋಲಾಗಿಸಿದರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಂಗಳದಲ್ಲೇ 1-0 ಗೆಲುವಿನೊಂದಿಗೆ ಲೀಗ್ ಕೂಡ ಆರ್ಸೆನಲ್‌ನದಾಯಿತು. ಆ ಲೀಗ್‌ನಲ್ಲಿ ಯುಂಗ್‌ಬರ್ಗ್ ಹೊಡೆದದ್ದು 12 ಗೋಲು. ಪ್ರೀಮಿಯರ್ ಲೀಗ್‌ನ ಋತುವಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರ ಪಾಲಾಯಿತು. ಸ್ವೀಡನ್ ತನ್ನ ವರ್ಷದ ಶ್ರೇಷ್ಠ ಫುಟ್‌ಬಾಲಿಗನಿಗೆ ಕೊಡುವ ಗುಲ್ಡ್‌ಬೊಲೆನ್ ಗೌರವವೂ 2002ರಲ್ಲಿ ಅವರಿಗೇ ಬಂತು.

2003-04ರಲ್ಲಿ ಆರ್ಸೆನಲ್ 38 ಲೀಗ್ ಪಂದ್ಯಗಳಲ್ಲಿ 26 ಗೆದ್ದು, 12 ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಪ್ರಶಸ್ತಿ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಕತೆ. ಆ ಋತುವಿನಲ್ಲಿ ಯುಂಗ್‌ಬರ್ಗ್ ಹೊಡೆದದ್ದು ನಾಲ್ಕೇ ಲೀಗ್ ಗೋಲು. ಅಂಕಿಅಂಶ ನೋಡಿ ಅವರ ಪಾಲು ಸಣ್ಣದೆನ್ನುವವರಿದ್ದಾರೆ, ಇದನ್ನು ನಾನು ಒಪ್ಪುವುದಿಲ್ಲ. ಪಿರೆಸ್ ಮತ್ತು ಆನ್ರಿ ಎಡಬದಿಯಲ್ಲಿ ಅಷ್ಟು ಸ್ವಚ್ಛಂದವಾಗಿ ಆಡಲು ಸಾಧ್ಯವಾದದ್ದು ಬಲಬದಿಯಲ್ಲಿ ಒಬ್ಬರು ಎದುರಾಳಿ ಡಿಫೆನ್ಸನ್ನು ಸದಾ ಎಳೆದಾಡುತ್ತಿದ್ದುದರಿಂದ, ಚೆಂಡು ಕೈತಪ್ಪಿದೊಡನೆ ಅಷ್ಟೇ ದೂರ ಹಿಂದಕ್ಕೆ ಓಡಿ ಕಾವಲಿಗೆ ನಿಲ್ಲುತ್ತಿದ್ದುದರಿಂದ. 2005ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಎಫ್.ಎ. ಕಪ್ ಫೈನಲ್‌ಗೆ ಅವರು ಬದಲಿಯಾಗಿ ಇಳಿದು, ವ್ಯಾನ್ ನಿಸ್ಟಲ್‌ರಾಯ್ ಅವರ ಹೆಡರನ್ನು ಗೋಲುಗೆರೆಯ ಮೇಲೆ ತಲೆಕೊಟ್ಟು ಹೊರಗಟ್ಟಿದರು, ಪೆನಾಲ್ಟಿ ಶೂಟೌಟ್‌ನಲ್ಲಿ ತಮ್ಮ ಪಾಲಿನ ಗೋಲನ್ನೂ ಹೊಡೆದರು. ಆ ದಿನ ಆರ್ಸೆನಲ್ ಆಡಿದ್ದು ಕಳಪೆ ಆಟ, ಆದರೂ ಕಪ್ ಬಂತು.

2006ರ ಮೇ 17ರಂದು ಪ್ಯಾರಿಸ್‌ನಲ್ಲಿ ಬಾರ್ಸಿಲೋನಾ ವಿರುದ್ಧದ ಚಾಂಪಿಯನ್ಸ್ ಲೀಗ್ ಫೈನಲ್ ಬೇರೆಯೇ ಮಾತು. ಹದಿನೆಂಟನೇ ನಿಮಿಷದಲ್ಲಿ ಗೋಲ್‌ಕೀಪರ್ ಲೆಹ್ಮನ್ ಕೆಂಪು ಕಾರ್ಡ್ ಪಡೆದರು, ಬದಲಿ ಗೋಲ್‌ಕೀಪರ್‌ಗಾಗಿ ಪಿರೆಸ್ ಅವರನ್ನು ಹೊರಗೆ ಕರೆಯಬೇಕಾಯಿತು. ಹತ್ತು ಮಂದಿಯ ತಂಡದ ಪರ ಯುಂಗ್‌ಬರ್ಗ್ ಮಳೆಯಲ್ಲಿ ಓಡಿದ ಓಟವನ್ನು ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ. ಎಪ್ಪತ್ತಾರನೇ ನಿಮಿಷದವರೆಗೆ ಮುಂದಿದ್ದ ಆರ್ಸೆನಲ್ 2-1ರಿಂದ ಸೋತಿತು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇದೇ ಓಟದಲ್ಲಿದೆ. ನಿಂತಲ್ಲಿಂದ ಥಟ್ಟನೆ ಪೂರ್ಣ ವೇಗಕ್ಕೇರುವುದು, ಮತ್ತೆ ನಿಲ್ಲುವುದು, ದಿಕ್ಕು ಬದಲಿಸುವುದು: ಇವೆಲ್ಲದರ ಭಾರ ಬೀಳುವುದು ಸೊಂಟದ ಕೀಲಿನ ಮೇಲೆ. 2002ರ ವಿಶ್ವಕಪ್ ಮುಗಿದ ಮೇಲೆ ಅವರಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಯಿತು, ಆ ತೊಂದರೆ ಮುಂದೆಯೂ ಬಿಡಲಿಲ್ಲ. ತಲೆನೋವಿನ ಕಾಟ ಬೇರೆ. ಬರ್ಗ್‌ಕ್ಯಾಂಪ್ ಅವರಂಥವರು ಮೂವತ್ತೇಳರವರೆಗೂ ಆಡಬಲ್ಲರು, ಏಕೆಂದರೆ ಅವರ ಸಂಪತ್ತು ಕಣ್ಣು ಮತ್ತು ಪಾದದ ಸ್ಪರ್ಶದಲ್ಲಿದೆ. ಯುಂಗ್‌ಬರ್ಗ್ ಅವರ ಸಂಪತ್ತು ಆ ಮೊದಲ ಎರಡು ಗಜದಲ್ಲಿತ್ತು. ಅರ್ಧ ಗಜ ಕಡಿಮೆಯಾದರೆ ಆಫ್‌ಸೈಡ್ ಗೆರೆಯ ಲೆಕ್ಕವೇ ತಪ್ಪುತ್ತದೆ. 2004-05ರಲ್ಲಿ 10 ಲೀಗ್ ಗೋಲು ಹೊಡೆದವರು ಮರುವರ್ಷ ಹೊಡೆದದ್ದು ಒಂದು, ಅದರ ಮರುವರ್ಷ ಸೊನ್ನೆ. ಈ ನಡುವೆ ವಿಯೆರಾ, ಬರ್ಗ್‌ಕ್ಯಾಂಪ್, ಪಿರೆಸ್ ಒಬ್ಬೊಬ್ಬರಾಗಿ ಹೋದರು. ಅವರ ಓಟವನ್ನು ಓದಬಲ್ಲ ಕಣ್ಣುಗಳೇ ತಂಡದಲ್ಲಿ ಕಡಿಮೆಯಾದವು. ಈ ಎರಡನೆಯ ಕಾರಣವನ್ನು ಜನ ಮರೆಯುತ್ತಾರೆ. ಒಟ್ಟು 328 ಪಂದ್ಯ, 72 ಗೋಲುಗಳೊಂದಿಗೆ 2007ರ ಜುಲೈನಲ್ಲಿ ಅವರು ಆರ್ಸೆನಲ್ ಬಿಟ್ಟು ವೆಸ್ಟ್ ಹ್ಯಾಮ್ ಸೇರಿದರು. ಅಲ್ಲಿ ಪಕ್ಕೆಲುಬು ಮುರಿಯಿತು, ಒಂದೇ ಋತುವಿಗೆ ಒಪ್ಪಂದ ಮುಗಿಯಿತು.

ಸ್ವೀಡನ್ ಪರ ಅವರು 75 ಪಂದ್ಯ ಆಡಿ 14 ಗೋಲು ಹೊಡೆದರು. ಅಲ್ಲಿ ಹೆನ್ರಿಕ್ ಲಾರ್ಸನ್, ಝ್ಲಾಟನ್ ಇಬ್ರಾಹಿಮೊವಿಚ್ ಅವರಂಥ ದೊಡ್ಡ ಫಾರ್ವರ್ಡ್‌ಗಳಿದ್ದರು, ತರಬೇತುದಾರ ಲಾರ್ಸ್ ಲಾಗರ್‌ಬ್ಯಾಕ್ ಅವರ ಬಿಗಿಯಾದ ಶಿಸ್ತಿತ್ತು. 2002ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ, ಇಂಗ್ಲೆಂಡ್, ನೈಜೀರಿಯಾ ಇದ್ದ ಗುಂಪಿನಲ್ಲಿ ಸ್ವೀಡನ್ ಮೊದಲ ಸ್ಥಾನ ಪಡೆದರೂ ಸೆನೆಗಲ್ ವಿರುದ್ಧ ಗೋಲ್ಡನ್ ಗೋಲಿಗೆ (ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯ ಮುಗಿಸುವ ಗೋಲಿಗೆ) ಸೋತಿತು. ಟೂರ್ನಿಗೆ ಮುಂಚೆ ಅಭ್ಯಾಸದಲ್ಲಿ ಅವರೂ ಓಲೊಫ್ ಮೆಲ್‌ಬರ್ಗ್ ಅವರೂ ಕೈಕೈ ಮಿಲಾಯಿಸಿದ ಚಿತ್ರಗಳು ಆಗ ಪತ್ರಿಕೆಗಳನ್ನು ತುಂಬಿದ್ದವು, ಆಟದ ಮಟ್ಟಿಗೆ ಅದಕ್ಕೆ ಮಹತ್ವವಿಲ್ಲ. 2004ರ ಯೂರೊದಲ್ಲಿ ಬಲ್ಗೇರಿಯ ವಿರುದ್ಧದ 5-0 ಗೆಲುವಿನ ಮೊದಲ ಗೋಲು ಅವರದು. ಕ್ವಾರ್ಟರ್ ಫೈನಲ್‌ನಲ್ಲಿ ನೆದರ್‌ಲ್ಯಾಂಡ್ಸ್ ಪೆನಾಲ್ಟಿಗಳಲ್ಲಿ ಗೆದ್ದಿತು. 2006ರ ವಿಶ್ವಕಪ್‌ನಲ್ಲಿ ಬರ್ಲಿನ್‌ನಲ್ಲಿ ಪರಾಗ್ವೆ ವಿರುದ್ಧ, ಗೋಲೇ ಬಾರದೆಂದು ಎಲ್ಲರೂ ಕೈಚೆಲ್ಲಿದ್ದ 89ನೇ ನಿಮಿಷದಲ್ಲಿ, ಹೆಡರ್ ಮೂಲಕ ಗೆಲುವಿನ ಗೋಲು ಹೊಡೆದರು. 2008ರ ಯೂರೊದಲ್ಲಿ ನಾಯಕರಾಗಿದ್ದರು, ಗುಂಪಿನ ಹಂತದಲ್ಲೇ ತಂಡ ಹೊರಬಿದ್ದ ಮೇಲೆ ಅಂತಾರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು.

ಅನಂತರದ್ದು ಅಲೆದಾಟ. 2009ರಲ್ಲಿ ಅಮೆರಿಕದ ಸಿಯಾಟಲ್ ಸೌಂಡರ್ಸ್ ಮೇಜರ್ ಲೀಗ್ ಸಾಕರ್‌ಗೆ ಕಾಲಿಟ್ಟ ವರ್ಷ ಅದರ ಪ್ರಮುಖ ಆಟಗಾರರಾಗಿದ್ದರು. ಆ ತಂಡ ಅದೇ ವರ್ಷ ಯು.ಎಸ್. ಓಪನ್ ಕಪ್ ಗೆದ್ದಿತು, ಇವರು ಲೀಗ್‌ನ ವರ್ಷದ ಶ್ರೇಷ್ಠ ಹನ್ನೊಂದರಲ್ಲಿ ಸ್ಥಾನ ಪಡೆದರು. ಇಳಿಗಾಲದಲ್ಲಿ ಅವರ ಒಳ್ಳೆಯ ವರ್ಷ ಅದೊಂದೇ. ಮುಂದೆ ಷಿಕಾಗೋ ಫೈರ್, ಸ್ಕಾಟ್‌ಲೆಂಡ್‌ನ ಸೆಲ್ಟಿಕ್, ಜಪಾನಿನ ಶಿಮಿಝು ಎಸ್-ಪಲ್ಸ್, 2012ರ ಆಗಸ್ಟ್‌ನಲ್ಲಿ ನಿವೃತ್ತಿ. ಎರಡು ವರ್ಷದ ಬಳಿಕ ಮುಂಬೈ ಸಿಟಿ ಅವರನ್ನು ತಾರಾ ಆಟಗಾರನಾಗಿ ಕರೆತಂದಿತು. ಬೆಂಗಳೂರು ಎಫ್.ಸಿ. ಆಗಿನ್ನೂ ಐ-ಲೀಗ್‌ನಲ್ಲಿತ್ತು, ಸೂಪರ್ ಲೀಗ್‌ಗೆ ಬಂದದ್ದು 2017ರಲ್ಲಿ. ಆದ್ದರಿಂದ ನಮ್ಮ ಊರಿನ ಅಂಗಳದಲ್ಲಿ ಅವರನ್ನು ನೋಡುವ ಅವಕಾಶ ಕನ್ನಡಿಗರಿಗೆ ಬರಲೇ ಇಲ್ಲ. ಪೀಟರ್ ರೀಡ್ ತರಬೇತಿಯ, ನಿಕೊಲಸ್ ಅನೆಲ್ಕಾ ಕೂಡ ಇದ್ದ ಆ ತಂಡದಲ್ಲಿ ಯುಂಗ್‌ಬರ್ಗ್ ಅವರಿಗೆ ದೇಹ ಸಹಕರಿಸಲಿಲ್ಲ.

ತರಬೇತುದಾರರಾಗಿ ಅವರು ಮರಳಿದ್ದು ಆರ್ಸೆನಲ್‌ನ ಕಿರಿಯರ ತಂಡಗಳಿಗೆ. ನಡುವೆ ಜರ್ಮನಿಯ ವುಲ್ಫ್ಸ್‌ಬರ್ಗ್‌ನಲ್ಲಿ ಸಹಾಯಕರಾಗಿದ್ದು ಬಂದರು. 2019ರ ನವೆಂಬರ್ ಕೊನೆಯಲ್ಲಿ ವ್ಯವಸ್ಥಾಪಕ ಉನಾಯ್ ಎಮೆರಿ ನಿರ್ಗಮಿಸಿದಾಗ ಮಿಕೆಲ್ ಆರ್ಟೆಟಾ ಬರುವವರೆಗೆ ಹಿರಿಯರ ತಂಡದ ಹೊಣೆ ಹೊತ್ತರು. ಆರು ಪಂದ್ಯಗಳಲ್ಲಿ ಗೆಲುವು ಒಂದೇ, ವೆಸ್ಟ್ ಹ್ಯಾಮ್ ವಿರುದ್ಧ 3-1. ಫಲಿತಾಂಶ ಚೆನ್ನಾಗಿರಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಅವರ ಕೈಕೆಳಗೆ ಕಿರಿಯರ ತಂಡದಲ್ಲಿ ಆಡಿದ್ದ ಬುಕಾಯೊ ಸಾಕಾ ಆ ದಿನಗಳಲ್ಲಿ ಹಿರಿಯರ ತಂಡದಲ್ಲಿದ್ದರು, ಬೆಲ್ಜಿಯಂನ ಲಿಯೇಜ್‌ನಲ್ಲಿ 2-2ರ ಸಮಬಲದ ಗೋಲು ಹೊಡೆದವರೂ ಅವರೇ.

ಇನ್ನು ನೋಡಬೇಕಾದ ಪಂದ್ಯಗಳು. 2001ರ ಯುವೆಂಟಸ್ ಪಂದ್ಯವನ್ನು ಮೊದಲು ನೋಡಿ, ಆಮೇಲೆ 2002ರ ಎಫ್.ಎ. ಕಪ್ ಫೈನಲ್. ಗೋಲುಗಳ ತುಣುಕುಗಳನ್ನಷ್ಟೇ ನೋಡಿದರೆ ಪ್ರಯೋಜನವಿಲ್ಲ, ಏಕೆಂದರೆ ಚೆಂಡು ಬಾರದ ಓಟಗಳನ್ನು ಅವುಗಳಲ್ಲಿ ಕತ್ತರಿಸಿರುತ್ತಾರೆ. ಪೂರ್ತಿ ಪಂದ್ಯ ಸಿಕ್ಕರೆ, ಒಂದು ಹದಿನೈದು ನಿಮಿಷ ಚೆಂಡನ್ನು ಬಿಟ್ಟು ಬಲಬದಿಯ 8ನೇ ಸಂಖ್ಯೆಯ ಅಂಗಿಯನ್ನಷ್ಟೇ ಹಿಂಬಾಲಿಸಿ. ಬರ್ಗ್‌ಕ್ಯಾಂಪ್ ಕಾಲಿಗೆ ಚೆಂಡು ಸೇರಿದಾಗಲೆಲ್ಲ ಆ ಅಂಗಿ ಯಾವ ಕಡೆಗೆ ಹೊರಡುತ್ತದೆ, ಎದುರಾಳಿಯ ಲೆಫ್ಟ್ ಬ್ಯಾಕ್ ಆಗ ಎತ್ತ ನೋಡುತ್ತಿದ್ದಾನೆ ಎಂಬುದನ್ನು ಗಮನಿಸಿ. ಕೊನೆಗೆ 2006ರ ಪ್ಯಾರಿಸ್ ಫೈನಲ್‌ನ ದ್ವಿತೀಯಾರ್ಧ ನೋಡಿ, ಅದರಲ್ಲಿ ಅವರು ಗೋಲು ಹೊಡೆದಿಲ್ಲವಾದರೂ.